ವಖಾರಕ್ಕೆ ಅರಿಷಿಣ, ಅಡಿಗೆಮನೆಗೆ ಕುಂಕುಮ

ನನ್ನ ಮುತ್ತಜ್ಜ ಗುರುಬಸಪ್ಪನವರು ಕೃಷ್ಣೆಯ ಈ ದಂಡೆಯಲ್ಲಿ ನಿಂತು ಒಮ್ಮೆ ಕೂಗಿದರೆ ಆ ದಂಡೆಯ ಅಂಬಿಗ ಊಟ ಬಿಟ್ಟು ದೋಣಿ ಬಿಚ್ಚುತ್ತಿದ್ದ. ಅಜ್ಜ ಕಲ್ಲಯ್ಯನವರು ಪಡಸಾಲೆಯಲ್ಲಿ ಕೆಮ್ಮಿದರೆ ಹಿಂದಿನ ಅರಿಷಿಣದ ವಖಾರದಲ್ಲಿ ಹಮಾಲರು ಚೀಲ ಹೆಗಲಿಗೇರಿಸುತ್ತಿದ್ದರು. ನನ್ನ ತಂದೆಯವರು ಕೆಮ್ಮುವ ಕಷ್ಟವನ್ನೂ ಪಟ್ಟವರಲ್ಲ. ಹುಬ್ಬು ಎತ್ತಿದರೆ ಚಹಾ ಬರುತ್ತಿತ್ತು. ಅಂಥ ವಂಶದಲ್ಲಿ ಹುಟ್ಟಿದ ಶಿವಲಿಂಗಪ್ಪನಾದ ನಾನು ಗಂಟಲು ಹರಿಯುವಂತೆ ಮೂರು ಸಲ ಕೂಗಿದರೆ ಅಡಿಗೆಮನೆಯಿಂದ ಬರುವ ಉತ್ತರ ಒಂದೇ: "ಕೇಳಿಸ್ಲಿಲ್ರಿ."

ತಪ್ಪು ಗಂಟಲಿನದಲ್ಲ. ನಮ್ಮ ಮನೆತನದಲ್ಲಿ ಗಂಡನಾದವನು ಹೆಂಡತಿಯ ಹೆಸರು ಹಿಡಿದು ಕರೆಯುವ ಪದ್ಧತಿಯಿಲ್ಲ. (ಆದ್ದರಿಂದ ಇಲ್ಲಿಯೂ ಅವಳ ಹೆಸರು ಬರೆಯಲಾರೆ.) "ಏ" ಎನ್ನಬೇಕು. ನಾನು "ಏ" ಎಂದರೆ ಹಮಾಲ ರೇವಪ್ಪನನ್ನು ಕರೆದೆನೆಂದು ಅವಳು ಸುಮ್ಮನಿರುತ್ತಾಳೆ, ಅವಳನ್ನು ಕರೆದೆನೆಂದು ರೇವಪ್ಪ ಸುಮ್ಮನಿರುತ್ತಾನೆ. ಓಗೊಡುವುದು ಎಮ್ಮೆ ಮಾತ್ರ.

ಯುದ್ಧ ಮುಗಿದ ವರ್ಷ ಪುಣೆಯ ಹರಾಜಿನಲ್ಲಿ ಒಂದು ಫೌಜಿನ ಯಂತ್ರ ಸಿಕ್ಕಿತು. ಒಂದು ಮೈಕು, ನಾಲ್ಕು ಗುಂಡಿ, ನಾಲ್ಕು ತಗಡಿನ ಕಹಳೆ. ಯಾವ ಗುಂಡಿ ಒತ್ತುತ್ತೇವೋ ಆ ಕಹಳೆ ಮಾತ್ರ ಮಾತಾಡುತ್ತದೆ. ಅಡಿಗೆಮನೆ, ವಖಾರ, ಮಾಳಿಗೆ, ಎಮ್ಮೆಯ ಕೊಟ್ಟಿಗೆ: ನನ್ನ ಸಂಸ್ಥಾನದ ನಾಲ್ಕು ಪ್ರಾಂತಗಳಿಗೂ ಇನ್ನು ಪ್ರತ್ಯೇಕ ಆಜ್ಞೆ.

"ಮಿರಜಿನ ಧನಪಾಲನ್ನ ಕರಸ್ರಿ. ಹಾರ್ಮೋನಿಯಂ, ರೇಡಿಯೋ ಎಲ್ಲಾ ರಿಪೇರಿ ಮಾಡ್ತಾನ," ಎಂದಳು ಮನೆಯವಳು.

"ಪೆಟ್ಟಿಗಿಗೆ ಗಾಳಿ ತುಂಬಾವಗ ಕರೆಂಟ ಏನ ತಿಳೀತೈತಿ?"

"ನಿಮಗ ತಿಳೀತೈತೇನ್ರಿ?"

"ಪುಸ್ತಕ ಓದೇನಿ."

"ಪುಸ್ತಕ ಇಂಗ್ಲಿಷಿನ್ಯಾಗ ಐತ್ರಿ."

"ಚಿತ್ರ ಅದಾವ."

ಅವಸರಕ್ಕೆ ಕಾರಣವಿತ್ತು. ಮೊಮ್ಮಗಳು ಅಲಕಾಳನ್ನು ನೋಡಲು ಬೇಡಗದಿಂದ ಗಂಡಿನ ಕಡೆಯವರು ಬರುವವರಿದ್ದರು. ಮನೆತನ ಚೊಕ್ಕ, ಹುಡುಗ ಚೊಕ್ಕ. ಇದು ತಪ್ಪಿದರೆ ಇಂಥದು ಮತ್ತೆ ಸಿಗುವುದಿಲ್ಲವೆಂದು ಮನೆಯವಳು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಯಜಮಾನ ಪಿಸುಗುಟ್ಟಿದರೆ ಚಹಾ ಬರುವ ಮನೆಯೆಂದು ಅವರು ಬಾಯಿ ತೆರೆದು ನೋಡಬೇಕಿತ್ತು.

ನಾನೇ ತಂತಿ ಎಳೆದೆ. ಗುರುತಿಗೆಂದು ವಖಾರದ ತಂತಿಯ ತುದಿಗೆ ಅರಿಷಿಣ ಬಳಿದೆ, ಅಡಿಗೆಮನೆಯದಕ್ಕೆ ಕುಂಕುಮ. (ಇಂಥ ಉಪಾಯ ಫೌಜಿನವರಿಗೂ ಹೊಳೆದಿರಲಿಕ್ಕಿಲ್ಲ.) ಅಷ್ಟರಲ್ಲಿ ಮನೆಯವಳು ಗೋಡೆಗೆ ಸುಣ್ಣ ಹೊಡೆಸಿದಳು. ಮರುದಿನ ನೋಡಿದರೆ ಹಸಿ ಗೋಡೆಗೆ ಜೋತಿದ್ದ ಎರಡೂ ತುದಿಗಳು ಕೆಂಪಗೆ ಕಂಡವು. ಮೂರು ತಲೆಮಾರಿನಿಂದ ಅರಿಷಿಣ ಮಾರಿದ ಮನೆತನದ ಕಣ್ಣು ಮೋಸ ಹೋದೀತೇ? ಹೆಚ್ಚು ಕೆಂಪಗಿದ್ದುದೇ ಕುಂಕುಮವೆಂದು ತೀರ್ಮಾನಿಸಿ ಅದನ್ನು ಅಡಿಗೆಮನೆಯ ಗುಂಡಿಗೆ ಬಿಗಿದೆ.

ಬೇಡಗದವರು ಬಂದರು. ಹುಡುಗನ ತಾಯಿ ಸುನಂದಾಬಾಯಿ ಅಡಿಗೆಮನೆಗೆ ಹೋದರು. ಹುಡುಗನ ಕಾಕಾ ಗುರಲಿಂಗ ನನ್ನೆದುರು ಲೋಡಿಗೆ ಒರಗಿದರು. ನಾನು ಗತ್ತಿನಿಂದ ಮೊದಲು ವಖಾರದ ಗುಂಡಿ ಒತ್ತಿದೆ. (ಸಂಜೆ ಜತ್ತದ ವ್ಯಾಪಾರಿ ಮಾಲು ನೋಡಲು ಬರುವವನಿದ್ದ.)

"ಏ, ಹೋದ ವರ್ಷದ್ದ ಇನ್ನೂ ಮನ್ಯಾಗ ಉಳದೈತಿ. ಚಂದಾಗಿ ತಿಕ್ಕಿ ಹೊಳಪ ಬರಸು. ಡೊಂಕ ಇದ್ದದ್ದ ಕಾಣಬಾರ್ದು. ಇವತ್ತ ಹ್ಯಾಂಗರೆ ಮಾಡಿ ದಾಟಿಸಿಬಿಡೂಣು."

ಆಮೇಲೆ ಅಲಕಾಳಿಗೆಂದು ಅಡಿಗೆಮನೆಯ ಗುಂಡಿ. "ಏ, ಹಸಿರ ಸೀರಿ ಉಟ್ಟು, ತಲಿ ಮ್ಯಾಲೆ ಸೆರಗ ಹೊತ್ತು, ಚಹಾ ತಗೊಂಡ ಬಾ. ಸಾವಕಾಶ ಬಾ, ಕಾಲ ಸಪ್ಪಳ ಆಗಬಾರ್ದು."

ಸ್ವಲ್ಪ ಹೊತ್ತಿಗೆ ತುದಿಗಾಲಲ್ಲಿ ಹೆಜ್ಜೆಯಿಡುತ್ತ ಬಂದವನು ರೇವಪ್ಪ. ಮೀಸೆಯಿಂದ ಹಿಮ್ಮಡಿಯವರೆಗೆ ಅರಿಷಿಣ. ತಲೆಯ ಮೇಲೆ ಗೋಣಿತಟ್ಟು. ಕೈಯಲ್ಲಿ ಹಮಾಲರ ಚಹದ ಕಿಟ್ಲಿ.

"ಸೀರಿ ಸಿಗಲಿಲ್ರಿ ಧಣ್ಯಾರ," ಎಂದ ತಲೆ ತಗ್ಗಿಸಿ. "ತಟ್ಟ ಹೊತ್ಕೊಂಡ ಬಂದೇನಿ."

ಗುರಲಿಂಗ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಶಿವಲಿಂಗಪ್ಪಾರ, ನಾವಿನ್ನೂ ಹೂಂ ಅಂದೇ ಇಲ್ಲ. ಅರಿಷಿಣ ಹಚ್ಚೇ ಬಿಟ್ಟೀರಲ್ಲ."

ನಾನು ಬಾಯಿ ತೆರೆಯುವಷ್ಟರಲ್ಲಿ ಸುನಂದಾಬಾಯಿ ಅಡಿಗೆಮನೆಯಿಂದ ಹೊರಬಂದರು. ಮುಖ ಬಿಗಿದಿತ್ತು. "ಅಣ್ಣಾರ, ಹೋದ ವರ್ಷದ್ದ ಉಳದೈತಿ ಅಂದ್ರಿ. ಎಷ್ಟ ಮಂದಿ ನೋಡಿ ಬಿಟ್ಟ ಹೋಗ್ಯಾರ? ಡೊಂಕ ಎಲ್ಲೈತಿ, ಅದನ್ನರೆ ಹೇಳ್ರಿ."

ಮನೆಯವಳು ಅವರ ಹಿಂದೆಯೇ ಬಂದಳು. ನನ್ನತ್ತ ನೋಡಲಿಲ್ಲ. ನೆಟ್ಟಗೆ ಯಂತ್ರದ ಬಳಿ ಹೋಗಿ ಎರಡು ತಂತಿಗಳ ತುದಿಯನ್ನು ಬೆರಳಿಂದ ಉಜ್ಜಿ, ಮೂಸಿ, ಸುನಂದಾಬಾಯಿಯ ಮುಂದೆ ಹಿಡಿದಳು.

"ಇದು ಕುಂಕುಮ ಅಲ್ರಿ ಅಕ್ಕಾರ. ಅರಿಷಿಣಕ್ಕ ಸುಣ್ಣ ಬಡದೈತಿ. ವಖಾರದ ಮಾತು ನಮಗ ಬಂತು, ನಮ್ಮ ಮಾತು ವಖಾರಕ್ಕ ಹೋತು."

ಸುನಂದಾಬಾಯಿ ಬೆರಳು ನೋಡಿದರು, ರೇವಪ್ಪನನ್ನು ನೋಡಿದರು, ಸೆರಗು ಬಾಯಿಗೆ ಒತ್ತಿ ನಗುತ್ತ ಅಲ್ಲಿಯೇ ಕುಳಿತುಬಿಟ್ಟರು. "ಅರಿಷಿಣಕ್ಕ ಸುಣ್ಣ ಕೂಡಿದ್ರ ಕೆಂಪಾಗ್ತೈತಂತ ಆರತಿ ನೀರ ಕಲಸೋ ಕೂಸಿಗೂ ಗೊತ್ತೈತ್ರಿ," ಎಂದರು ಉಸಿರು ಸಿಕ್ಕಮೇಲೆ. "ಅರಿಷಿಣದ ಸಾವಕಾರ್ರಿಗೆ ಗೊತ್ತಿಲ್ಲೇನು?"

"ಮಾರೋದ ಗೊತ್ತೈತ್ರಿ ಅವರಿಗೆ," ಎಂದಳು ಮನೆಯವಳು. ಆಮೇಲೆ ಬಾಗಿಲತ್ತ ತಿರುಗಿ, ದನಿ ಎತ್ತದೆ, "ಅಲಕಾ," ಎಂದಳು. ಅಲಕಾ ಚಹದ ತಾಟು ಹಿಡಿದು ಬಂದಳು. ಅಷ್ಟೇ ಸಾಕಾಯಿತು. ಚಹಾ ಮುಗಿಯುವುದರೊಳಗೆ ಲಗ್ನ ಗೊತ್ತಾಯಿತು.

ಹೊರಡುವಾಗ ಗುರಲಿಂಗ ನನ್ನ ಹೆಗಲ ಮೇಲೆ ಕೈಯಿಟ್ಟರು. "ಲಗ್ನದ ಹಂದರಕ್ಕ ಕಹಳಿ ಹಚ್ಚಲಿಕ್ಕೆ ಮಿರಜಿನ ಧನಪಾಲನ್ನ ನಾವೇ ಕರಸ್ತೇವ್ರಿ. ನೀವು ತ್ರಾಸ ತಗೋಬ್ಯಾಡ್ರಿ."

ನಾನು ರುಮಾಲು ಸರಿಪಡಿಸಿಕೊಂಡೆ. ಮುತ್ತಜ್ಜ, ಅಜ್ಜ, ತಂದೆ ಮೂವರೂ ನನ್ನ ಬೆನ್ನ ಹಿಂದೆ ಬಂದು ನಿಂತಂತಾಯಿತು.

"ಬ್ಯಾಡ್ರಿ," ಎಂದೆ. "ಹಂದರಕ್ಕೂ ತಂತಿ ನಾನೇ ಎಳೀತೇನಿ. ಈ ಸಲ ಅರಿಷಿಣದ ಪಕ್ಕ ಗುರುತಿಗೆ ಸುಣ್ಣಾನ ಹಚ್ತೇನಿ. ನನಗ ಯಾರ ಸಹಾಯಾನೂ ಬೇಕಾಗಿಲ್ಲ."