ಶಾಂತಮೂರ್ತಿಯ ಹೊಸ ಮೂಗು

ಕೊಳ್ಳೇಗಾಲದ ಸೀರೆ ಅಂಗಡಿಯ ಶಾಂತಮೂರ್ತಿಗೆ ದೇವರು ಕೊಟ್ಟ ಮೂಗು ಉಸಿರಾಡಲು ಧಾರಾಳವಾಗಿ ಸಾಕಿತ್ತು. ಆದರೆ ಅದರ ಗಾತ್ರ ಕಂಡು ಎರಡು ಕಡೆ ಹೆಣ್ಣಿನವರು ಬೇಡ ಎಂದಿದ್ದರು. ಈಗ ಮುಳ್ಳೂರಿನ ನಾಗಶ್ರೀಯ ಮನೆಯವರು ಫೋಟೋ ಒಪ್ಪಿದ್ದರು. ಇದೂ ಕೈತಪ್ಪಿದರೆ ಗತಿಯೇನೆಂದು ಈ ಪುಣ್ಯಾತ್ಮ, ಸರಕು ತರುತ್ತೇನೆಂದು ತಾಯಿಗೆ ಹೇಳಿ, ಮೈಸೂರಿಗೆ ಹೋಗಿ ಮೂಗು ಕೊಯ್ಯಿಸಿಕೊಂಡ!

ಡಾಕ್ಟರು ಕಂಪ್ಯೂಟರಿನಲ್ಲಿ ಹೊಸ ಮೂಗಿನ ಚಿತ್ರ ತೋರಿಸಿದ್ದರು. ಅದನ್ನೇ ಬಾಯಿಬಿಟ್ಟುಕೊಂಡು ನೋಡುತ್ತಿದ್ದವನಿಗೆ, "ಬಾವು ಪೂರ್ತಿ ಇಳಿಯೋಕೆ ತಿಂಗಳುಗಟ್ಟಲೆ ಬೇಕು, ಬಗ್ಗಬೇಡಿ, ಸೀನಬೇಡಿ" ಎಂದದ್ದು ಆಗ ತಲೆಗೇ ಹತ್ತಲಿಲ್ಲ. ಇವತ್ತು ಕಟ್ಟು ಬಿಚ್ಚಿದಾಗ ಕನ್ನಡಿಯಲ್ಲಿ ಕಂಡದ್ದು ಗುಂಡು ಬದನೆಕಾಯಿ. ಕಣ್ಣಿನ ಕೆಳಗೆಲ್ಲ ನೀಲಿಗಟ್ಟಿತ್ತು. ಬೈಕಿನಿಂದ ಬಿದ್ದೆನೆಂದು ಮನೆಗೆ ಮೊದಲೇ ಫೋನಿನಲ್ಲಿ ಹೇಳಿದ್ದ.

ಅವನು ಬಂದು ಕೂತನೋ ಇಲ್ಲವೋ, ಬೀದಿಯೇ ಒಳಗೆ ನುಗ್ಗಿತು. ಎದುರುಮನೆ ಹನುಮಯ್ಯ ಮುಖಕ್ಕೆ ಮುಖ ತಂದು ಪರೀಕ್ಷೆ ಮಾಡಿದ.

"ಏನ್ಲಾ ಮೂರ್ತಿ, ಮೂಗೊಂದೇ ಬಿದ್ದೋಯ್ತಾ? ಕೈಕಾಲ್ಗೆ ಒಂದ್ ತರಚ್ಲೂ ಇಲ್ವಲ್ಲ!"

"ಕಾಡಂದಿ ಅಡ್ಡ ಬಂತು, ಮಾವ."

"ಮೈಸೂರ್ ಪ್ಯಾಟೇಲಿ ಕಾಡಂದಿಯಾ?"

"ಪ್ಯಾಟೆಗೆ ಓಗೋ ದಾರೀಲಿ ಮಾವ..." ಸುಳ್ಳು ಹೇಳುವುದಕ್ಕೂ ಒಂದಿಷ್ಟು ಬುದ್ಧಿ ಬೇಕು.

ಅಷ್ಟರಲ್ಲಿ ಪಕ್ಕದ ಮನೆ ಚಿಕ್ಕನಿಂಗಮ್ಮ ಮೆಣಸಿನ ಕಷಾಯ ತಂದು ಬಾಯಿಗೇ ಹಿಡಿದಳು. ಘಾಟು ಏರಿ, ಬೇಡಬೇಡವೆಂದರೂ ಸೀನು ಬಂದೇಬಿಟ್ಟಿತು. ಹಗಲಲ್ಲೇ ನಕ್ಷತ್ರ ಕಂಡು ಅವನು ಮೂಗು ಹಿಡಿದು ನರಳುತ್ತಿದ್ದರೆ, "ಅಯ್ಯೋ, ಒಂಟಿ ಸೀನು ಅಪಶಕುನ ಕಣಪ್ಪ! ಇನ್ನೊಂದ್ ಸೀನ್ಬುಡು!" ಎಂದು ಬೆನ್ನು ತಟ್ಟಿದಳು.

ಆಗಲೇ ಹೆಣ್ಣಿನ ತಂದೆ ಶಿವಕುಮಾರಸ್ವಾಮಿ ಸೇಬು ಹಿಡಿದು ಆರೋಗ್ಯ ವಿಚಾರಿಸಲು ಬಂದರು.

"ಪರ್ವಾಗಿಲ್ಲ, ಕಟ್ಟು ಬಿಚ್ಚವ್ರಲ್ಲ" ಎಂದರು ಸ್ವಾಮಿ.

ತಾಯಿ ಚನ್ನಮಲ್ಲಮ್ಮ ಕೈಮುಗಿದಳು. "ಎಲ್ಲ ಬೆಟ್ಟದ ಮಾದಪ್ಪನ ದಯೆ, ಸ್ವಾಮ್ಯೋರೆ. ಸುದ್ದಿ ಕೇಳಿದ್ ದಿನವೇ ಹರಕೆ ಮಾಡ್ಕಂಡೆ. ಕಟ್ಟು ಬಿಚ್ತಿದ್ದಂಗೆ ಬೆಟ್ಟಕ್ಕೆ ಕರ್ಕಬಂದು ಮಗನ ಮುಡಿ ಕೊಡ್ಸ್ತೀನಿ ಅಂತ."

ಶಾಂತಮೂರ್ತಿ ಮೂಗು ಬಿಟ್ಟು ತಲೆ ಹಿಡಿದುಕೊಂಡ. "ಅವ್ವಾ, ಅದ್ನ ಮದ್ವೆ ಆದ್ಮೇಲೆ..."

ಸ್ವಾಮಿಯವರ ಹುಬ್ಬು ಗಂಟಿಕ್ಕಿತು. "ಹರಕೆ ಬಾಕಿ ಮಡಿಕಂಡು ಹೆಣ್ ನೋಡದಾ? ನಮ್ಮನೇಲಿ ಆಗಕಿಲ್ಲ. ಕಾರು ಈಚೆ ನಿಂತದೆ, ಈಗ್ಲೇ ಓಗಣ, ನಡೀರಿ. ನಾಗಶ್ರೀನೂ ಬೆಟ್ಟಕ್ಕೇ ಕರೆಸ್ತೀನಿ. ದೇವ್ರ ಮುಂದೇ ನೋಡ್ಕಳ್ಳಿ."

ಬಿದ್ದೇ ಇಲ್ಲ ಎಂದರೆ ಹರಕೆ ಹೋಗುತ್ತದೆ, ಹೆಣ್ಣೂ ಹೋಗುತ್ತದೆ. ಬೆಪ್ಪುತಕ್ಕಡಿ ಮೂಗು ಹಿಡಿದುಕೊಂಡು ಕಾರು ಹತ್ತಿದ.

ಬೆಟ್ಟದಲ್ಲಿ ಕ್ಷೌರಿಕ ಅವನ ತಲೆಯನ್ನು ಒತ್ತಿ ಬಗ್ಗಿಸಿದ. "ಬಗ್ಗಬಾರ್ದಂತೆ ಕಣಣ್ಣ" ಎಂದು ಗೋಗರೆದರೆ, "ಮಾದಪ್ಪನ ಮುಂದೆ ಬಗ್ಗದೆ ಇನ್ನಾರ ಮುಂದೆ ಬಗ್ಗೀಯೆ?" ಎಂದು ಇನ್ನಷ್ಟು ಒತ್ತಿದ. ಬಾವು ದಪ್ಪಗಾಯಿತು, ತಲೆ ಬೋಳಾಯಿತು.

ದೇವಸ್ಥಾನದ ಮುಂದೆ ನಾಗಶ್ರೀ ಕಣ್ಣೆತ್ತಿ ನೋಡಿದಳು. ನುಣ್ಣಗಿನ ಮುಖಮಂಡಲದಲ್ಲಿ ಅವಳ ಕಣ್ಣು ನಿಲ್ಲಲು ಇದ್ದದ್ದು ಒಂದೇ ಜಾಗ. ಶಾಂತಮೂರ್ತಿ ನಗಲು ಯತ್ನಿಸಿದ. ಅವಳು ಪಕ್ಕದಲ್ಲಿದ್ದ ತನ್ನ ತಾಯಿಯ ಕಿವಿಗೆ ಬಾಗಿ, ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದಳು:

"ಅವ್ವಾ, ಫೋಟೋದಲ್ಲಿ ಮೂಗು ಚಿಕ್ಕದಾಗೇ ಇತ್ತಲ್ಲ!"