ರೊಟ್ಟಿ ಕಪಾಟಿಗೆ ನಾನು ಹೊಡೆದ ರಿವೆಟ್ಟು

ತಪ್ಪು ಮಾಡುವುದರಲ್ಲಿ ನನಗೆ ಅಂಥ ಸಂಕೋಚವೇನಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತ ಇಪ್ಪತ್ತೇಳು ವರ್ಷವಾಯಿತು. ತಪ್ಪು ಮಾಡದೆ ಅಷ್ಟು ವರ್ಷ ಯಾರೂ ಮಾತಾಡಲಾರರು. ನನಗೆ ಕಷ್ಟವಾಗುವುದು ತಪ್ಪು ನನ್ನದೇ ಎಂದು ಬಾಯಿಬಿಟ್ಟು ಹೇಳುವಾಗ. ಇಂಡಿ ಊರಿನ ಶಾಲೆಯಲ್ಲಿ ನನ್ನ ಮೊದಲ ನೌಕರಿ. ಒಂದು ದಿನ ಮಕ್ಕಳಿಗೆ ವಿದ್ಯುತ್ ಗಂಟೆ ಬಾರಿಸಿ ತೋರಿಸಲು ಹೋದೆ, ಅದು ಸದ್ದೇ ಮಾಡಲಿಲ್ಲ. ತಂತಿಯನ್ನು ನಾನೇ ತಪ್ಪಾಗಿ ಸುತ್ತಿದ್ದೆ. ಆದರೆ ಬಾಯಿಂದ ಬಂದದ್ದು, “ಕರೆಂಟ್ ಹೋಗೇದ” ಎಂದು. ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ನಲವತ್ತು ಮಕ್ಕಳು ಒಮ್ಮೆ ಫ್ಯಾನಿನ ಕಡೆ, ಒಮ್ಮೆ ನನ್ನ ಕಡೆ ನೋಡಿದರು. ಮರ್ಯಾದಸ್ಥರ ಮಕ್ಕಳು, ಏನೂ ಅನ್ನಲಿಲ್ಲ. ಅನ್ನಬೇಕಾಗಿತ್ತು. ಅವತ್ತೇ ಯಾರಾದರೂ ಅಂದಿದ್ದರೆ, ಹೋದ ವರ್ಷ ಮುದ್ದೇಬಿಹಾಳದಲ್ಲಿ ಆದದ್ದು ಆಗುತ್ತಿರಲಿಲ್ಲವೇನೋ. ನೋಡಿ, ಈಗಲೂ ಆ ಮಕ್ಕಳ ಮೇಲೆಯೇ ಹಾಕುತ್ತಿದ್ದೇನೆ.

ಮುದ್ದೇಬಿಹಾಳದಲ್ಲಿ ನನ್ನ ಅಕ್ಕ ಇದ್ದಾಳೆ, ವನಮಾಲಕ್ಕ. ಭಾವ ತೀರಿಕೊಂಡ ಮೇಲೆ ಮನೆಯ ಪಡಸಾಲೆಯಲ್ಲಿ ಒಲೆ ಹೂಡಿ ಜೋಳದ ರೊಟ್ಟಿ ಮಾಡಿ ಕೊಡುವ ಕೆಲಸ ಶುರುಮಾಡಿದಳು. ಅವಳ ಜೊತೆ ಮೊದಲ ದಿನದಿಂದ ಇದ್ದವಳು ನೀಲವ್ವ. ಅಕ್ಕನಿಗೆ ಹಿಟ್ಟಿನ ಹದ ಗೊತ್ತು, ಗಿರಾಕಿಗಳೊಡನೆ ಮಾತು ಗೊತ್ತು. ರೊಟ್ಟಿ ಮಾತ್ರ ನೀಲವ್ವನ ಕೈಯದೇ. ಅವಳು ತಟ್ಟಿದ ರೊಟ್ಟಿ ಕಾಗದದಷ್ಟು ತೆಳ್ಳಗೆ. ಒಲೆಯ ಪಕ್ಕಕ್ಕೆ ಆನಿಸಿ ಒಣಗಿಸಿದರೆ ತಿಂಗಳುಗಟ್ಟಲೆ ಕಡಕ್ ಆಗಿಯೇ ಇರುತ್ತದೆ. ಹನ್ನೊಂದು ವರ್ಷ ಇಬ್ಬರೂ ಒಂದೇ ಒಲೆಯ ಎರಡು ಬದಿ ಕೂತು ಹೊಗೆ ಕುಡಿದವರು. ಒಬ್ಬಳ ಮಾತನ್ನು ಇನ್ನೊಬ್ಬಳು ಮುಗಿಸುತ್ತಿದ್ದಳು. ಅವರ ನಡುವೆ ಕೂತಾಗ ನಾನು ತಮ್ಮನೋ ನೆಂಟನೋ ಎಂಬುದು ನನಗೇ ಸಂಶಯವಾಗುತ್ತಿತ್ತು.

ತಾಳಿಕೋಟೆಯ ಒಂದು ಮನೆಯವರು ಮದುವೆಗೆಂದು ಸಾವಿರದ ಮೇಲೆ ರೊಟ್ಟಿ ಹೇಳಿದರು. ಅಕ್ಕನಿಗೆ ಅಷ್ಟು ದೊಡ್ಡ ಆರ್ಡರು ಬಂದದ್ದು ಅದೇ ಮೊದಲು. ಬುಟ್ಟಿಗಳು ಸಾಲವು, ಇಲಿಯ ಕಾಟ ಬೇರೆ. ಒಂದು ಕಪಾಟು ಬೇಕಾಯಿತು. ಊರಿನ ಬಡಿಗ ಹದಿನೈದು ದಿನ ಆಗುತ್ತದೆ ಅಂದ. ಅಕ್ಕ ಫೋನಿನಲ್ಲಿ ಇದನ್ನು ನನಗೆ ಹೇಳಿದ್ದು ಸುಮ್ಮನೆ ಸುದ್ದಿಗಾಗಿ. ನಾನು, “ಬಡಿಗ್ಯಾ ಯಾಕ ಬೇಕು? ನಾ ಇದ್ದೇನಲ್ಲ” ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಲೈನು ಕಟ್ಟಾಯಿತೆಂದುಕೊಂಡೆ. ಈಗ ಅನಿಸುತ್ತದೆ, ಕಟ್ಟಾಗಿರಲಿಲ್ಲ.

ನನ್ನ ಈ ಉತ್ಸಾಹಕ್ಕೆ ಒಂದು ಕಾರಣವಿತ್ತು. ಆ ತಿಂಗಳು ಸಿಂದಗಿಯ ನಮ್ಮ ಶಾಲೆಯ ಬಾಗಿಲಿಗೆ ತಗಡು ಕೂಡಿಸಲು ಒಬ್ಬ ಬಂದಿದ್ದ. ಅವನ ಕೈಯಲ್ಲಿ ದೊಡ್ಡ ಇಕ್ಕಳದಂಥ ರಿವೆಟ್ ಗನ್ನು. ತೂತಿನಲ್ಲಿ ರಿವೆಟ್ಟು ತೂರಿಸುತ್ತಾನೆ, ಹಿಡಿ ಅದುಮುತ್ತಾನೆ. ಒಳಗಿನ ಮೊಳೆ ಹಿಂದಕ್ಕೆ ಜಗ್ಗಿ, ರಿವೆಟ್ಟಿನ ಆ ಕಡೆಯ ತುದಿ ಉಬ್ಬಿ ಗಟ್ಟಿಯಾಗಿ ಕೂತು, ಮೊಳೆ ಟಕ್ಕೆಂದು ಮುರಿಯುತ್ತದೆ. ಹಿಂದೆ ಹೋಗಿ ಬಡಿಯಬೇಕಿಲ್ಲ, ನಟ್ಟು ಹಿಡಿಯಲು ಇನ್ನೊಬ್ಬರು ಬೇಕಿಲ್ಲ. ಆ ಟಕ್ ಎಂಬ ಸದ್ದು ನನಗೆ ಎಷ್ಟು ಹಿಡಿಸಿತೆಂದರೆ, ಒಂಬತ್ತನೇ ತರಗತಿಯನ್ನು ಮಾನಿಟರನಿಗೆ ಒಪ್ಪಿಸಿ ಆ ಬಾಗಿಲು ಮುಗಿಯುವವರೆಗೂ ನಿಂತು ನೋಡಿದೆ. ಮರುದಿನ ನಾನೂ ಒಂದು ಗನ್ನು ಕೊಂಡೆ. ಮನೆಯಲ್ಲಿ ಹಳೆಯ ಡಬ್ಬಿಗೆ ಹಿಡಿಕೆ ಕೂಡಿಸಿದೆ, ಬಕೆಟ್ಟಿನ ಕಿವಿ ಕೂಡಿಸಿದೆ. ನನ್ನ ಹೆಂಡತಿ ಸುಮಿತ್ರಾ ತನ್ನ ಚಪ್ಪಲಿಯನ್ನು ಒಳಗೆ ತೆಗೆದಿಟ್ಟಳು.

ಕಪಾಟಿಗೆ ರಿವೆಟ್ಟು ತರಲು ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅಂಗಡಿಯ ಮಹಾಂತಪ್ಪ ಚೀಲ ಬಿಚ್ಚುವ ಮೊದಲೇ ಕೇಳಿದ, “ಯಾತಕ್ಕ ಹಚ್ಚಾವ್ರಿ ಸರ?”

“ಪ್ಲೈವುಡ್ಡಿಗೆ. ಪ್ಲೈವುಡ್ ಹಲಗೀಗೆ ಕಟ್ಟಿಗಿ ಪಟ್ಟಿ ಕೂಡಸೂದದ.”

“ತಗಡಿಗಾದ್ರ ಇವು ನಡೀತಾವ್ರಿ. ಕಟ್ಟಿಗಿ ಮೆತ್ತಗ ನೋಡ್ರಿ, ಇದರ ಬಾಲ ಅದರಾಗ ಹಿಡ್ಯಾಂಗಿಲ್ಲ, ತೂತು ದೊಡ್ಡದು ಮಾಡ್ಕೊಂಡು ಜಾರತೈತಿ. ಹಿಂದ ಒಂದೊಂದು ತಗಡಿನ ವಾಸರ್ ಹಾಕ್ರಿ. ಇಲ್ಲಾಂದ್ರ ಅಗಲ ತಲಿವು ಬರ್ತಾವ, ಹಿಂದ ಹೂ ಅಳ್ಳಿದಂಗ ನಾಕು ಎಸಳ ಬಿಚ್ಚತಾವ. ವಿಜಾಪುರದಿಂದ ತರಸ್ತೇನಿ, ಎರಡ ದಿನ ತಡೀರಿ. ಎರಡೂ ಸೇರಿ ದಪ್ಪ ಎಷ್ಟ್ ಐತ್ರಿ?”

ಇಷ್ಟು ಚೆನ್ನಾದ ಪಾಠವನ್ನು ನಾನು ನನ್ನ ಜೀವನದಲ್ಲಿ ಒಮ್ಮೆಯೂ ಮಾಡಿಲ್ಲ. ಆದರೆ ಕೌಂಟರಿನ ಬಳಿ ನನ್ನ ಹಳೆಯ ವಿದ್ಯಾರ್ಥಿಗಳಿಬ್ಬರು ನಿಂತಿದ್ದರು. ಅವರೆದುರು ವಿಜ್ಞಾನದ ಮಾಸ್ತರನಿಗೆ ರಿವೆಟ್ಟಿನ ಪಾಠವೇ? “ಅದೆಲ್ಲಾ ನನಗ ಗೊತ್ತದ ಮಹಾಂತಪ್ಪ. ಹಲಗಿ ಹನ್ನೆರಡು ಮಿಲಿಮೀಟರ್ ಅದ. ಹದಿನಾರು ಮಿಲಿಮೀಟರಿಂದು ಕೊಡು, ನಾಕು ಹೆಚ್ಚಿಗೀನ ಆತು” ಎಂದೆ. ಅವನು ಕೇಳಿದ್ದು ಎರಡೂ ಸೇರಿದ ದಪ್ಪ. ನಾನು ಹೇಳಿದ್ದು ಹಲಗೆಯೊಂದರದು. ಹಿಂದಿನ ಪಟ್ಟಿಯೂ ಹನ್ನೆರಡೇ ಇತ್ತು. ಅದನ್ನೂ ದಾಟಿ ರಿವೆಟ್ಟಿನ ತುದಿ ಹೊರಗೆ ಬರಬೇಕು ಎಂಬುದು ಆರನೇ ತರಗತಿಯ ಕೂಡುವ ಲೆಕ್ಕ. ಮಹಾಂತಪ್ಪ ಒಮ್ಮೆ ನನ್ನ ಮುಖ ನೋಡಿ, ಕೇಳಿದ್ದನ್ನು ಕಟ್ಟಿಕೊಟ್ಟ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಬಸ್ಸಿನಲ್ಲಿ ಮುದ್ದೇಬಿಹಾಳಕ್ಕೆ ಹೋದೆ. ಎರಡು ದಿನ ಅಕ್ಕನ ಅಂಗಳದಲ್ಲಿ ಟಕ್ ಟಕ್. ಓಣಿಯವರೆಲ್ಲ ಬಂದು ನೋಡಿ ಹೋದರು. ಎರಡು ಪಕ್ಕದ ಹಲಗೆಗಳ ಒಳಬದಿಗೆ ಅಡ್ಡಪಟ್ಟಿ, ಆ ಪಟ್ಟಿಗಳ ಮೇಲೆ ರೊಟ್ಟಿ ಇಡಲು ಐದು ಅರೆ. ಹೊರಗಿನಿಂದ ರಿವೆಟ್ಟಿನ ತಲೆಗಳು ಸಾಲಾಗಿ ಬೆಳ್ಳಿ ಗುಂಡಿಯಂತೆ ಹೊಳೆಯುತ್ತಿದ್ದವು. ಒಳಗೆ ಅವು ಪಟ್ಟಿಯಲ್ಲಿ ಬರೀ ನಾಲ್ಕು ಮಿಲಿಮೀಟರ್ ಇಳಿದು ಅಲ್ಲೇ ಉಬ್ಬಿ ಕೂತಿವೆ ಎಂದು ಯಾರಿಗೂ ಕಾಣುವಂತಿರಲಿಲ್ಲ. ನೀಲವ್ವ ಕಪಾಟಿಗೆ ಅರಿಷಿಣ ಕುಂಕುಮ ಹಚ್ಚಿ, “ಮಾಸ್ತರ್ರ, ನಿಮ್ಮ ಕೈ ಹಗುರ ಐತ್ರಿ” ಅಂದಳು. ಹೊಗಳಿಕೆ ಎಂದು ತಗೊಂಡೆ.

ಮುಂದಿನ ಭಾನುವಾರ ಮತ್ತೆ ಹೋದೆ. ಕೆಲಸವೇನೂ ಇರಲಿಲ್ಲ, ಕಪಾಟು ನೋಡಬೇಕಿತ್ತು. ಮರುದಿನ ರೊಟ್ಟಿ ತಾಳಿಕೋಟೆಗೆ ಹೋಗಬೇಕು. ನಾಲ್ಕು ಅರೆ ತುಂಬಿದ್ದವು. ನಾನು ಮಂಚದ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ, ಅಕ್ಕ ಒಲೆಯ ಮುಂದಿದ್ದಳು. ನೀಲವ್ವ ಮೇಲಿನ ಅರೆಯಲ್ಲಿ ಕೊನೆಯ ಕಟ್ಟು ಇಟ್ಟಳು. ಚರಕ್ಕೆಂದು ಸದ್ದಾಯಿತು. ಮೇಲಿನ ಪಟ್ಟಿ ಕಿತ್ತು ಆ ಅರೆ ಕೆಳಗಿನದರ ಮೇಲೆ, ಅದು ಅದರ ಕೆಳಗಿನದರ ಮೇಲೆ ಬಿತ್ತು. ಸಾವಿರ ಕಡಕ್ ರೊಟ್ಟಿ ಒಟ್ಟಿಗೆ ಪುಡಿಯಾಗುವ ಸದ್ದು ಎಂಥದೆಂದು ನಿಮಗೆ ಹೇಗೆ ಹೇಳಲಿ? ಅದು ದೊಡ್ಡ ಸದ್ದೇ ಅಲ್ಲ. ಯಾರೋ ಒಣಗಿದ ಎಲೆಯ ಮೇಲೆ ನಡೆದು ಹೋದಂತೆ, ಅಷ್ಟೇ. ಆಮೇಲೆ ಪಡಸಾಲೆ ತುಂಬ ಮೊಣಕಾಲೆತ್ತರ ಚೂರು, ಅದರ ನಡುವೆ ನೀಲವ್ವ, ಎರಡೂ ಕೈ ಇನ್ನೂ ಮೇಲೆತ್ತಿಕೊಂಡು.

ಮೊದಲು ಮಾತಾಡಿದವನು ನಾನು. “ನೀಲವ್ವಾ, ಅದರ ಮ್ಯಾಲ ಭಾರ ಬಿಟ್ಟು ಜೋತು ಬಿದ್ದಿ ಏನು?”

“ಇಲ್ಲರಿ ಮಾಸ್ತರ್ರ. ನಾ ಬರೇ ರೊಟ್ಟಿ ಇಟ್ಟೇನ್ರಿ.”

“ಸುಮ್ಮಸುಮ್ಮನ ಬೀಳಾಂಗಿಲ್ಲ ನೀಲವ್ವ. ಎಷ್ಟು ಭಾರ ತಡೀತದ ಅಂತ ನಾ ಲೆಕ್ಕಾ ಹಾಕೇ ಮಾಡಿದ್ದದು.”

ಯಾವ ಲೆಕ್ಕವನ್ನೂ ನಾನು ಹಾಕಿರಲಿಲ್ಲ. ನೀಲವ್ವ ಅಕ್ಕನ ಕಡೆ ನೋಡಿದಳು. ಅಕ್ಕ ನನ್ನ ಕಡೆ ನೋಡಿದಳು, ರೊಟ್ಟಿಯ ಕಡೆ ನೋಡಿದಳು, ಒಲೆಯ ಕಡೆ ತಿರುಗಿ ಕಟ್ಟಿಗೆ ಮುಂದೂಡಿದಳು. ನೀಲವ್ವ ಸೆರಗು ಸಿಕ್ಕಿಸಿ ಕಸಬರಿಗೆ ತಂದು ಎಲ್ಲ ಗುಡಿಸಿದಳು. ಓಣಿಯ ಹೆಂಗಸರನ್ನು ಕರೆದು ನಾಲ್ಕು ಮನೆಯ ಒಲೆ ಹಚ್ಚಿಸಿದಳು. ಮರುದಿನ ಮಧ್ಯಾಹ್ನದೊಳಗೆ ಒಂದು ರೊಟ್ಟಿಯೂ ಕಡಿಮೆಯಿಲ್ಲದೆ ಆರ್ಡರು ತಾಳಿಕೋಟೆಗೆ ಹೋಯಿತು. ಅದರ ಮರುದಿನದಿಂದ ನೀಲವ್ವ ಕೆಲಸಕ್ಕೆ ಬರಲಿಲ್ಲ. ಬಸವನ ಬಾಗೇವಾಡಿಯಲ್ಲಿ ಮಗಳ ಮನೆಗೆ ಹೋದಳೆಂದು ಅಕ್ಕ ಫೋನಿನಲ್ಲಿ ತಿಳಿಸಿದಳು.

ಅದಾಗಿ ಎಂಟು ದಿನಕ್ಕೆ ಕಪಾಟು ರಿಪೇರಿ ಮಾಡಲೆಂದು ಹೋದೆ. ಕಿತ್ತ ಪಟ್ಟಿಯನ್ನು ಕೈಗೆತ್ತಿಕೊಂಡರೆ, ಕಡಲೆಕಾಳು ಹಿಡಿಯುವಷ್ಟೇ ಆಳದ ತೂತುಗಳು. ಅಂಚು ಕಿತ್ತುಹೋಗಿದೆ. ರಿವೆಟ್ಟುಗಳು ಒಂದೂ ಮುರಿಯದೆ ಹಲಗೆಯಲ್ಲಿ ಹಾಗೇ ನಿಂತಿವೆ, ತುದಿಯಲ್ಲಿ ಚಿಟಿಕೆಯಷ್ಟು ಕಟ್ಟಿಗೆ ಹಿಡಿದುಕೊಂಡು. ನೋಡಿದೊಡನೆ ಎಲ್ಲ ತಿಳಿಯಿತು. ಅಕ್ಕ ಒಳಗಿನಿಂದ, “ಏನಾಗೇದೋ ಶ್ರೀಪಾದಾ?” ಎಂದು ಕೂಗಿದಳು. “ಏನಿಲ್ಲ, ಪಟ್ಟಿ ಸೀಳೇದ” ಎಂದೆ. ಸುಳ್ಳೂ ಅಲ್ಲ, ನಿಜವೂ ಅಲ್ಲ. ಆಮೇಲೆ ಮೂರು ವಾರ ಸುಮ್ಮನಿದ್ದೆ. ಅಕ್ಕ ಫೋನು ಮಾಡಿದಾಗೆಲ್ಲ, “ನೀಲವ್ವ ನನ್ನ ಫೋನ್ ಎತ್ತವಲ್ಲಳೋ” ಅನ್ನುತ್ತಿದ್ದಳು. “ಎತ್ತತಾಳ ತಗೋ” ಎಂದು ಸಮಾಧಾನ ಹೇಳುತ್ತಿದ್ದೆ. ಕೊನೆಗೆ ಸುಮಿತ್ರಾಳ ಎದುರು ಹೇಳಿಬಿಟ್ಟೆ. ಅವಳು ಪೂರ್ತಿ ಕೇಳಿ, “ಅಕ್ಕಗ ಹೇಳೀರೇನು?” ಎಂದಳು. ಇಲ್ಲ ಎಂದೆ. ಅವಳು ಎದ್ದು ಹೋಗಿ ನನ್ನ ಅಂಗಿ ಇಸ್ತ್ರಿ ಮಾಡಿ ತಂದಿಟ್ಟಳು, ನಾಳೆಯ ಬಸ್ಸಿಗೆ.

ಅಕ್ಕ ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು. ಕೇಳಿಸಿಕೊಂಡು ಬಹಳ ಹೊತ್ತು ಹಿಟ್ಟು ಜರಡಿ ಹಿಡಿದಳು. “ನನಗ ಯಾಕ ಹೇಳತೀಯೋ? ಯಾರಿಗೆ ಅಂದಿದ್ಯೋ ಅವರಿಗೆ ಹೋಗಿ ಹೇಳು” ಅಂದಳು. ಹಾಗಾಗಿ ಅಲ್ಲಿಂದಲೇ ಬಾಗೇವಾಡಿಯ ಬಸ್ಸು ಹತ್ತಿದೆ.

ನೀಲವ್ವ ಮಗಳ ಮನೆಯ ಹಿತ್ತಲಿನಲ್ಲಿ ರೊಟ್ಟಿ ತಟ್ಟುತ್ತಿದ್ದಳು. ನನ್ನನ್ನು ಕಂಡು ಗಾಬರಿಯಾಗಿ, “ಅಕ್ಕಾರು ಆರಾಮ ಅದಾರಿಲ್ಲರಿ?” ಎಂದು ಎದ್ದಳು. ಆರಾಮ ಇದ್ದಾಳೆ ಎಂದು ಹೇಳಿ, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಮರೆತು, “ರಿವೆಟ್ಟು ಗಿಡ್ಡ ಇದ್ದವು ನೀಲವ್ವ. ನಿಂದೇನೂ ತಪ್ಪಿದ್ದಿಲ್ಲ” ಎಂದೆ.

“ಗೊತ್ತೈತ್ರಿ.”

“ಗೊತ್ತದ?”

“ಅವತ್ತ ಕಸಾ ಹೊಡಿಯಾಗ ಪಟ್ಟಿ ಎತ್ತಿಟ್ಟಾಕಿ ನಾನ ಅಲ್ಲೇನ್ರಿ? ಮೊಳಿ ಉಗುರಿನಷ್ಟೂ ಒಳಗ ಹೋಗಿದ್ದಿಲ್ಲ.”

“ಮತ್ತ ಅಲ್ಲೇ ಯಾಕ ಅನ್ನಲಿಲ್ಲ ನೀಲವ್ವ?”

ಅವಳು ಹಿಟ್ಟಿನ ಕೈಯನ್ನು ಒಂದಕ್ಕೊಂದು ಉಜ್ಜಿದಳು. “ಅಕ್ಕಾರ ಮುಂದ ಅವರ ತಮ್ಮನ ಮಾತು ಸುಳ್ಳು ಅಂತ ನಾ ಹ್ಯಾಂಗ ಅನ್ಲಿರಿ? ನನ್ನನ್ನ ಅಕ್ಕಾರೇ ಕೇಳ್ತಾರ ಅನ್ಕೊಂಡಿದ್ದೆ. ‘ನೀಲವ್ವಾ, ಏನಾತು?’ ಅಂತ ಒಂದ ಮಾತು. ಹನ್ನೊಂದು ವರ್ಷ ಆಗಿತ್ರಿ. ಕೇಳಲಿಲ್ಲ ಅವರು.” ಮತ್ತೆ ಒಲೆಯ ಮುಂದೆ ಕೂತು, “ಸಿಟ್ಟಿಲ್ಲರಿ. ಇಲ್ಲೂ ಗಿರಾಕಿ ಹತ್ಯಾವ. ಬರೂದು ಆಗೂದಿಲ್ಲ ಅಂತ ಅಕ್ಕಾರಿಗೆ ಹೇಳ್ರಿ” ಎಂದಳು. ನನಗೆ ಊಟಕ್ಕೆ ಹಾಕಿದಳು. ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ. ತಲೆ ಎತ್ತದೆ ತಿಂದೆ.

ನಾನು ಒಂದು ಕಪಾಟು ಕೆಡವಿದೆ ಎಂದುಕೊಂಡಿದ್ದೆ. ನನ್ನ ಒಂದು ಪ್ರಶ್ನೆಯಿಂದ ಕೆಡವಿದ್ದು ಬೇರೆಯೇ ಎಂದು ಆ ಹಿತ್ತಲಿನಲ್ಲಿ ತಿಳಿಯಿತು. ಆಮೇಲೆ ಅಕ್ಕ ತಾನೇ ಬಾಗೇವಾಡಿಗೆ ಹೋಗಿ ಬಂದಳು. ಇಬ್ಬರೂ ಈಗ ಫೋನಿನಲ್ಲಿ ಮಾತಾಡುತ್ತಾರಂತೆ. ದೊಡ್ಡ ಆರ್ಡರು ಬಂದರೆ ಅರ್ಧ ಅಲ್ಲಿ, ಅರ್ಧ ಇಲ್ಲಿ. ಆದರೆ ಒಂದೇ ಒಲೆಯ ಎರಡು ಬದಿಯಲ್ಲಿ ಈಗ ಒಂದು ಬದಿ ಖಾಲಿ. ಅಲ್ಲಿ ಕೂಡುವ ಹೊಸ ಹೆಂಗಸಿನ ಮಾತನ್ನು ಅಕ್ಕ ಮುಗಿಸುವುದಿಲ್ಲ.

ನಾನು ಸುಧಾರಿಸಿದ್ದೇನೆ ಎಂದು ಹೇಳಿ ಮುಗಿಸುವ ಆಸೆ ಇತ್ತು. ಹೋದ ವಾರ ಶಾಲೆಯ ಪ್ರಯೋಗಾಲಯದಲ್ಲಿ ಒಂದು ಬೀಕರು ಬಿದ್ದು ಒಡೆಯಿತು. “ಯಾರದು?” ಎಂದು ಗುಡುಗಿದೆ. ಅದನ್ನು ಮೇಜಿನ ಅಂಚಿಗೆ ಇಟ್ಟವನು ನಾನೇ ಎಂದು ಅಷ್ಟರಲ್ಲಿ ನೆನಪಾಯಿತು. ನೀಲವ್ವನನ್ನು ನೆನೆದೆ, ಗಂಟಲು ಸರಿಮಾಡಿಕೊಂಡೆ, “ನಂದೇ ತಪ್ಪು” ಎಂದೇಬಿಟ್ಟೆ. ಧ್ವನಿ ಎಷ್ಟು ಸಣ್ಣದಾಗಿ ಬಂತೆಂದರೆ ಮೊದಲ ಬೆಂಚಿನ ಹುಡುಗಿಯೇ ಎದ್ದು, “ಏನಂದ್ರಿ ಸರ?” ಎಂದು ಕೇಳಿದಳು. “ಪುಟ ಐವತ್ತಾರು ತಗೀರಿ” ಎಂದೆ.