ನನ್ನ ಕಟ್ಟೆಯ ಸುಂಕ

ಈ ಮಾತು ಹೇಳಬೇಕೆಂದು ಎಷ್ಟೋ ವರ್ಷಗಳಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಮುಂದೂಡುವುದರಲ್ಲಿ ನಾನು ಪಳಗಿದವನು. ಹಲ್ಲುನೋವನ್ನು ಆ ಹಲ್ಲು ತಾನಾಗಿಯೇ ಬೀಳುವವರೆಗೆ ಮುಂದೂಡಿದ್ದೇನೆ. ಆದರೆ ಈಗ ಪತ್ರಿಕೆ ತೆರೆದರೆ ಮತ್ತೆ ಸುಂಕದ್ದೇ ಸುದ್ದಿ. ಒಂದು ದೇಶ ಏರಿಸಿತಂತೆ, ಇನ್ನೊಂದು ಸೇಡು ತೀರಿಸಿಕೊಂಡಿತಂತೆ. ಓದುವಾಗ ನನಗೆ ಬೆವರು ಬರುತ್ತದೆ. ಸುಂಕ ಹಾಕಿದವರಲ್ಲಿ ನಾನೂ ಒಬ್ಬ.

ಕೆಂಭಾವಿಯ ಸಂತೆ ಬೀದಿಯಲ್ಲಿ ನನ್ನದು ಬಟ್ಟೆ ಅಂಗಡಿ. ಸೊಲ್ಲಾಪುರದ ಚಾದರ ಮಾರುವುದು ನನ್ನ ಹೆಮ್ಮೆ. ಸಂತೆಯ ದಿನ ಅಂಗಡಿಯ ಕಟ್ಟೆಯ ಮೇಲೆ ದೇವಾಪುರದ ಹೆಣ್ಣುಮಗಳೊಬ್ಬರು ಕೌದಿ ಹೊಲಿಯುತ್ತ ಕೂರುತ್ತಿದ್ದರು. ಹಳೆಯ ಸೀರೆ ಕೊಟ್ಟರೆ ಪದರ ಪದರವಾಗಿ ಜೋಡಿಸಿ ಹೊದಿಕೆ ಮಾಡಿಕೊಡುವರು. ಕಟ್ಟೆಗೆ ಬಾಡಿಗೆ ಕೇಳುವ ರೂಢಿ ನಮ್ಮಲ್ಲಿಲ್ಲ. ನಾನು ಊಟಕ್ಕೆ ಹೋದಾಗ ಅವರು ಅಂಗಡಿ ಕಾಯುವರು, ಅಷ್ಟೇ. ಅವ್ವ ತೀರಿಕೊಂಡಾಗ ಅವಳ ಸೀರೆಗಳನ್ನೂ ಅವರ ಕೈಗೇ ಕೊಟ್ಟೆ.

"ನಡುವ ನಾಕು ಕಾಳ ಜ್ವಾಳ ಇಟ್ಟು ಹೊಲಿತೀನ್ರಿ ಸಾವ್ಕಾರ್ರ. ಕೌದಿ ಉಪಾಸ ಇರಬಾರದು."

"ಕೌದಿಗೂ ಊಟ ಬೇಕೇನು?"

"ಹೊಚಗೊಂಡವ್ರ ಹೊಟ್ಟಿ ತಣ್ಣಗಿರಬೇಕಂದ್ರ ಅದರ ಹೊಟ್ಟಿನೂ ತುಂಬಿರಬೇಕಲ್ರಿ."

ಆ ವರ್ಷವೇ ದೂರದ ದೇಶಗಳ ಬ್ಯಾಂಕುಗಳು ಮುಳುಗಿದವು. ಅವು ಮುಳುಗಿದರೆ ನಮ್ಮ ಹತ್ತಿಯ ದರ ಏಕೆ ಬೀಳಬೇಕೋ ತಿಳಿಯದು, ಬಿತ್ತು. ಸಂತೆ ಸಪ್ಪಗಾಯಿತು. ನನ್ನ ಚಾದರಗಳು ಮಡಿಕೆ ಬಿಚ್ಚದೆ ಮಲಗಿದವು. ದೊಡ್ಡ ದೇಶಗಳು ಹೊರಗಿನ ಸರಕಿಗೆ ಸುಂಕ ಹಾಕಿ ತಮ್ಮವರನ್ನು ಕಾಪಾಡುತ್ತಿವೆ ಎಂದು ಪತ್ರಿಕೆಯಲ್ಲಿ ಓದಿದೆ. ಎಸ್ಸೆಸ್ಸೆಲ್ಸಿ ಪಾಸಾದವನು ಚಹಾದ ಅಂಗಡಿಯಲ್ಲಿ ಗಟ್ಟಿಯಾಗಿ ಪತ್ರಿಕೆ ಓದಿದರೆ ಅರ್ಥಶಾಸ್ತ್ರಜ್ಞನಾಗಲು ಇನ್ನೇನು ಬೇಕು? "ಹೊರಊರಿನವ್ರು ಕಟ್ಟಿ ಮ್ಯಾಲ ಕುಂತ್ರ ರೊಕ್ಕ ಕೊಡಬೇಕು. ಅಮೆರಿಕಾದವ್ರ ಮಾಡಾಕತ್ತಾರ, ನಮಗೇನಾಗ್ಯಾದ?" ಎಂದೆ. ಬೀದಿಯ ಅಂಗಡಿಯವರೆಲ್ಲ ತಲೆಯಾಡಿಸಿದರು.

ಮುಂದಿನ ಸಂತೆಯಲ್ಲಿ ಆ ಹೆಣ್ಣುಮಗಳಿಗೆ ಹೇಳಿದೆ. ಅವರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ನನ್ನ ಮುಖ ನೋಡಿದರು.

"ದೇವಾಪುರ ಯಾವಾಗಿಂದ ಪರದೇಶ ಆತ್ರಿ, ಸಾವ್ಕಾರ್ರ?"

"ಕಾಯ್ದೆ ಅಂದ್ರ ಎಲ್ಲಾರಿಗೂ ಒಂದ," ಎಂದು ಚಾದರಗಳ ಕಡೆ ಮುಖ ತಿರುಗಿಸಿದೆ. ಅವರು ಗಂಟು ಕಟ್ಟಿಕೊಂಡು ಹೋದರು. ಅವ್ವನ ಸೀರೆಗಳೂ ಆ ಗಂಟಿನಲ್ಲೇ ಇದ್ದವು.

ಮನೆಯಲ್ಲಿ ಹೆಂಡತಿ ಕೇಳಿದಳು, "ಅತ್ತಿ ಸೀರಿ ಎಲ್ಲಿ ಅದಾವ್ರಿ?"

ಹೇಳಿದೆ.

"ನಿಮ್ಮ ಚಾದರ ಏನ್ ಕೆಂಭಾವ್ಯಾಗ ಹುಟ್ಟ್ಯಾವೇನು? ಮೊದಲ ಅವಕ್ಕ ಸುಂಕ ಹಾಕ್ರಿ!"

ದೇವಾಪುರದವರು ಬಟ್ಟೆಗೆ ಸುರಪುರದ ದಾರಿ ಹಿಡಿದರು. ಕೌದಿಗೆಂದು ಬಂದು ನನ್ನಲ್ಲಿ ರವಿಕೆ ಕಣ ಕೊಳ್ಳುತ್ತಿದ್ದ ಹೆಂಗಸರೂ ಕಾಣೆಯಾದರು. ನಾನು ಅಷ್ಟು ಕಷ್ಟಪಟ್ಟು ಕಾಪಾಡಿದ ಕಟ್ಟೆಯ ಮೇಲೆ ಒಂದು ಆಡು ಬಂದು ಮಲಗತೊಡಗಿತು. ಅದು ಊರಿನದೇ, ಸುಂಕವಿಲ್ಲ. ಕಾಯ್ದೆಯನ್ನು ಸದ್ದಿಲ್ಲದೆ ಕೈಬಿಟ್ಟೆವು. ದೇವಾಪುರಕ್ಕೆ ಹೋಗಿ ತಪ್ಪಾಯಿತೆನ್ನಬೇಕು, ಸೀರೆ ಕೇಳಬೇಕು. ಒಮ್ಮೆ ಬಸ್ಸು ತುಂಬಿತ್ತು, ಒಮ್ಮೆ ಮೊಣಕಾಲು ನೋಯುತ್ತಿತ್ತು. ನಿಜ ಹೇಳಬೇಕೆಂದರೆ ಮುಖವಿರಲಿಲ್ಲ.

ಚಳಿಗಾಲದಲ್ಲಿ ಆ ಊರಿನ ಬದನೆಕಾಯಿ ಮಾರುವವನು ಒಂದು ಗಂಟು ತಂದಿಟ್ಟ. ಬಿಚ್ಚಿದರೆ ಅವ್ವನ ಸೀರೆಗಳು, ಪೂರಾ ಹೊಲಿದ ಕೌದಿಯಾಗಿ.

"ಮಜೂರಿ ಎಷ್ಟಂತ?"

"ಏನೂ ಬ್ಯಾಡಂತ್ರಿ. ಇಷ್ಟ ವರ್ಷ ಕುಂತ ಕಟ್ಟಿ ಸುಂಕ ಇದರಾಗ ಮುಟ್ಟಿತು ಅಂತ ಹೇಳಂದಾರ."

ಕೌದಿಯ ನಡುವೆ ಬೆರಳಾಡಿಸಿದೆ. ಕಾಳುಗಳು ಸಿಕ್ಕವು. ಅಷ್ಟು ಸಿಟ್ಟಿನಲ್ಲೂ ಅದನ್ನು ಉಪವಾಸ ಕಳಿಸಿರಲಿಲ್ಲ.

ಕೊನೆಗೂ ನಾನು ದೇವಾಪುರದ ಬಸ್ಸು ಹತ್ತುವ ಹೊತ್ತಿಗೆ ಅವರೇ ಬದುಕಿರಲಿಲ್ಲ.

ಈಗ ನನ್ನ ಕಟ್ಟೆಯ ಮೇಲೆ ಯಾವ ಊರಿನವರು ಬೇಕಾದರೂ ಕೂರಬಹುದು. ಚಾದರದ ವ್ಯಾಪಾರಿಯಾದ ನಾನು ಮನೆಯಲ್ಲಿ ಕೌದಿ ಹೊದೆಯುತ್ತೇನೆ, ಗಿರಾಕಿಗಳಿಗೆ ಹೇಳಬೇಡಿ. ನೋಡಿ, ಬುದ್ಧಿ ಬಂತೆಂದುಕೊಂಡೆ, ಆದರೆ ಇಷ್ಟು ಬರೆಯುವವರೆಗೂ ಅವರ ಹೆಸರನ್ನು ಒಳಗೆ ಬಿಡದೆ ಬಾಗಿಲಲ್ಲೇ ನಿಲ್ಲಿಸಿದ್ದೇನೆ. ಅವರ ಹೆಸರು ಮಾನಮ್ಮ.